ಸಫಾರಿ ಪಟ್ಟಿಯಲ್ಲಿ ಶಾಲೆಗೇನು ಕೆಲಸ?

ಕೀನ್ಯಾದ ಮಾಸಾಯಿ ಮಾರಾಕ್ಕೆ ಹೊರಟವರ ಕೈಗೆ ಸಿಗುವ ದಿನಚರಿಯಲ್ಲಿ ಸಿಂಹ, ಚಿರತೆ, ಮಾರಾ ನದಿ ದಾಟುವ ವಿಲ್ಡೆಬೀಸ್ಟ್ ಹಿಂಡುಗಳ ಜೊತೆಗೆ ಇನ್ನೊಂದು ಸಾಲೂ ಇರುತ್ತದೆ: ಮಾಸಾಯಿ ಹಳ್ಳಿ ಮತ್ತು ಶಾಲೆಯ ಭೇಟಿ. ಬೆಳಗಿನ ಸಫಾರಿಗೂ ಸಂಜೆಯ ಸಫಾರಿಗೂ ನಡುವೆ, ಪ್ರಾಣಿಗಳು ನೆರಳು ಹಿಡಿದು ಮಲಗುವ ಹೊತ್ತಿಗೆ, ಇದನ್ನು ಹೊಂದಿಸಿರುತ್ತಾರೆ. ಮೆಚ್ಚುವವರು ಇದನ್ನು ‘ನಿಜವಾದ ಆಫ್ರಿಕಾ’ ಎನ್ನುತ್ತಾರೆ, ಹಳಿಯುವವರು ‘ಮನುಷ್ಯರ ಮೃಗಾಲಯ’ ಎನ್ನುತ್ತಾರೆ. ಇಬ್ಬರೂ ಹಳ್ಳಿಯನ್ನೂ ಶಾಲೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಹಳ್ಳಿಯ ಭೇಟಿ ಒಂದು ವ್ಯಾಪಾರ, ಅದರ ಕೊರತೆಗಳನ್ನು ತಿದ್ದಬಹುದು. ಪಾಠದ ಹೊತ್ತಿನಲ್ಲಿ ತರಗತಿಗೆ ಹೋಗುವುದನ್ನು ತಿದ್ದಲು ಬರುವುದಿಲ್ಲ, ಬಿಡಬೇಕಷ್ಟೆ.

ಹಳ್ಳಿಯಲ್ಲಿ ನಡೆಯುವುದು ಏನು? ಮುಳ್ಳುಬೇಲಿಯ ಬಾಯಲ್ಲಿ ತಲೆಗಿಷ್ಟು ಎಂದು ಡಾಲರ್ ಕೊಡಬೇಕು. ಕೆಂಪು ಶುಕಾ ಹೊದ್ದ ಯುವಕರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ನೆಟ್ಟಗೆ ಮೇಲಕ್ಕೆ ಜಿಗಿಯುತ್ತಾರೆ, ಮರದ ತುಂಡಿನ ಮೇಲೆ ಕಡ್ಡಿ ಕಡೆದು ಬೆಂಕಿ ಹುಟ್ಟಿಸುತ್ತಾರೆ. ಹೆಂಗಸರೇ ಕಟ್ಟಿದ ಸಗಣಿ ಗೋಡೆಯ ಮನೆಗೆ ಬಗ್ಗಿ ನುಗ್ಗಿದರೆ ಹೊಗೆಗೆ ಕಣ್ಣುರಿ. ಕೊನೆಗೆ ನೆಲದ ಮೇಲೆ ಹರಡಿದ ಮಣಿಸರಗಳ ಚೌಕಾಸಿ. ಇದು ನಾಟಕವಲ್ಲವೇ ಎಂದರೆ, ಹೌದು, ನಾಟಕವೇ. ಆಡುವವರು ವಯಸ್ಕರು, ಟಿಕೆಟ್ ಇಟ್ಟು ಆಡುತ್ತಾರೆ, ಬೇಡವೆಂದರೆ ಬೇಲಿಯ ಬಾಗಿಲು ಹಾಕಬಲ್ಲರು. ಅವರ ಹಿರಿಯರು 1904 ಮತ್ತು 1911ರಲ್ಲಿ ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಒಳ್ಳೆಯ ಹುಲ್ಲುಗಾವಲುಗಳನ್ನೇ ಕಳೆದುಕೊಂಡರು. ಗಡಿಯಾಚೆ ಇಂದಿನ ಟಾಂಜಾನಿಯಾದಲ್ಲಿ 1959ರ ಹೊತ್ತಿಗೆ ಮಾಸಾಯಿಗಳನ್ನು ಸೆರೆಂಗೆಟಿಯಿಂದ ಹೊರಹಾಕಲಾಯಿತು. ಅಂಥವರ ಮೊಮ್ಮಕ್ಕಳು ಪ್ರವಾಸಿಯ ಜೇಬಿಗೆ ಕೈಯಿಟ್ಟರೆ ಆಕ್ಷೇಪಿಸಲು ನಾವು ಯಾರು? ಅಸಲು ದೋಷ ಬೇರೆ. ಬಾಗಿಲಲ್ಲಿ ಕೊಟ್ಟ ಹಣದ ದೊಡ್ಡ ಪಾಲನ್ನು ಜೀಪಿನ ಚಾಲಕ–ಗೈಡ್‌ಗಳು ಇಟ್ಟುಕೊಳ್ಳುವ ಪದ್ಧತಿಯನ್ನು ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇನ್ನೊಂದು ದಾರಿಯೂ ಇದೆ. 2006ರಲ್ಲಿ ಶುರುವಾದ ಓಲಾರೆ ಒರೋಕ್‌ನಂಥ ಸಂರಕ್ಷಣಾ ಪ್ರದೇಶಗಳಲ್ಲಿ ಸಫಾರಿ ಶಿಬಿರಗಳು ಮಾಸಾಯಿ ಜಮೀನುದಾರರಿಗೆ ಗುತ್ತಿಗೆ ಹಣ ಕೊಡುತ್ತವೆ. ಇದು ದಾನವಲ್ಲ, ಹಕ್ಕಿನ ಬಾಡಿಗೆ. ಆದರೆ ಜಮೀನಿನ ಪತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುವುದರಿಂದ ಮಣಿಸರದ ಕಾಸು ಹೆಂಗಸರಿಗೆ ಇಂದಿಗೂ ಮುಖ್ಯ. ಹಳ್ಳಿ ಭೇಟಿಯನ್ನು ಸಾರಾಸಗಟಾಗಿ ಹಳಿಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಶಾಲೆಯ ವಿಷಯ ಹೀಗಲ್ಲ. ಜೀಪು ನಿಂತ ಸದ್ದಿಗೆ ಪಾಠ ನಿಲ್ಲುತ್ತದೆ, ಮಕ್ಕಳು ಎದ್ದು ನಿಂತು ಹಾಡುತ್ತಾರೆ. ಹಲವು ಸಲ ಆ ಹಾಡು ‘ಜಾಂಬೋ ಬ್ವಾನಾ’. ಮೊಂಬಾಸಾದ ದೆಮ್ ಮಶ್ರೂಮ್ಸ್ ಎಂಬ ತಂಡ 1980ರ ದಶಕದ ಆರಂಭದಲ್ಲಿ ಕರಾವಳಿಯ ಹೋಟೆಲುಗಳ ಪ್ರವಾಸಿಗರನ್ನು ರಂಜಿಸಲು ಕಟ್ಟಿದ ಸ್ವಾಹಿಲಿ ಹಾಡು ಅದು. ಮನೆಯಲ್ಲಿ ಮಾ ಭಾಷೆ ಆಡುವ ಮಗು ಪ್ರವಾಸಿಗಾಗಿ ಹುಟ್ಟಿದ ಹಾಡನ್ನು ಪ್ರವಾಸಿಗೆ ಒಪ್ಪಿಸುತ್ತದೆ. ಅವನು ಅದನ್ನೇ ಅಲ್ಲಿನ ಸಂಸ್ಕೃತಿಯೆಂದು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಾನೆ. ಯುವಕನಂತೆ ಈ ಮಗು ದರ ಕೇಳಲಾರದು, ಫೋಟೋ ಬೇಡವೆನ್ನಲಾರದು. ಕಾಲವೂ ಪ್ರತಿಕೂಲ. ಪ್ರವಾಸಿಗರು ಮುಗಿಬೀಳುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಜನವರಿಯಲ್ಲಿ ಶುರುವಾಗುವ ಕೀನ್ಯಾದ ಶಾಲಾ ವರ್ಷ ಆಗ ವರ್ಷಾಂತ್ಯದ ಪರೀಕ್ಷೆಗಳತ್ತ ಸಾಗಿರುತ್ತದೆ. 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾದ ಮೇಲೆ ಅಲ್ಲಿನ ತರಗತಿಗಳು ಮಕ್ಕಳಿಂದ ಕಿಕ್ಕಿರಿದವು. ಒಬ್ಬ ಮೇಷ್ಟರಿಗೆ ಅಷ್ಟು ಮಕ್ಕಳಿರುವಾಗ ಅರ್ಧ ಗಂಟೆ ಕಡಿಮೆ ಹೊತ್ತಲ್ಲ. ಎಚ್.ಡಿ. ಕೋಟೆಯ ಕಾಡಂಚಿನ ನಮ್ಮ ಸರ್ಕಾರಿ ಶಾಲೆಗೆ, ನಾಗರಹೊಳೆ ನೋಡಲು ಬಂದ ವಿದೇಶಿಯರು ಗಣಿತದ ಪಿರಿಯಡ್ಡಿನಲ್ಲಿ ಕ್ಯಾಮೆರಾ ಹಿಡಿದು ಬಂದರೆ, ಯಾರಪ್ಪಣೆ ಎಂದು ಕೇಳದೆ ಬಿಡುತ್ತೇವೆಯೇ?

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಹಣದ್ದು. ಪ್ರವಾಸಿಗರು ಕಣ್ಣಾರೆ ಕಂಡಿದ್ದಕ್ಕೇ ಎಷ್ಟೋ ಶಾಲೆಗಳಿಗೆ ಡೆಸ್ಕು, ನೀರಿನ ಟ್ಯಾಂಕು, ತಗಡಿನ ಚಾವಣಿ ಬಂದಿವೆ ಎನ್ನುತ್ತಾರೆ. ಬಂದಿರುವುದು ನಿಜ. ಆದರೆ ಆ ಏರ್ಪಾಡಿನಲ್ಲಿ ರಸ್ತೆ ಬದಿಯ, ಲಾಡ್ಜಿಗೆ ಹತ್ತಿರದ ಶಾಲೆಗೆ ಮತ್ತೆ ಮತ್ತೆ ಸಿಗುತ್ತದೆ, ಜೀಪು ಹೋಗದ ಶಾಲೆಗೆ ಏನೂ ಇಲ್ಲ. ಕೊಡುಗೆಯನ್ನು ಆರಿಸುವುದೂ ಕೊಡುವವನ ಕಣ್ಣೇ: ಪೆನ್ನು, ಮಿಠಾಯಿ, ಫುಟ್‌ಬಾಲ್ ಬರುತ್ತವೆ, ಇನ್ನೊಬ್ಬ ಮೇಷ್ಟರ ಸಂಬಳ ಬರುವುದಿಲ್ಲ. 2024ರಿಂದ ವರ್ಷದ ಉತ್ತರಾರ್ಧದಲ್ಲಿ ಮಾರಾ ಅಭಯಾರಣ್ಯದ ಪ್ರವೇಶಕ್ಕೆ ವಿದೇಶಿ ವಯಸ್ಕರೊಬ್ಬರಿಂದ ದಿನಕ್ಕೆ 200 ಡಾಲರ್ ವಸೂಲಾಗುತ್ತದೆ. ಅಷ್ಟು ಹಣ ಸೇರುವ ನಾರೋಕ್ ಕೌಂಟಿಯಲ್ಲಿ ಚಾವಣಿಗಾಗಿ ಮಕ್ಕಳು ಹಾಡಬೇಕೆ? ಎರಡು ನಾಡಿನವರ ಒಡನಾಟ ಮಕ್ಕಳಿಗೂ ಒಳ್ಳೆಯದಲ್ಲವೇ ಎಂಬ ಮಾತೂ ಇದೆ. ಒಡನಾಟಕ್ಕೆ ಒಬ್ಬರ ಹೆಸರು ಇನ್ನೊಬ್ಬರ ನೆನಪಿನಲ್ಲಿ ಉಳಿಯುವಷ್ಟಾದರೂ ಹೊತ್ತು ಬೇಕು. ತಿಂಗಳುಗಟ್ಟಲೆ ಇದ್ದು ಕಲಿಸುವವರ ಮಾತು ಬೇರೆ, ಅದು ಈ ಪಟ್ಟಿಗೆ ಸೇರಿದ್ದಲ್ಲ.

ಹಾಗಾಗಿ ಮಾರಾಕ್ಕೆ ಹೊರಡುವ ಕನ್ನಡಿಗರಲ್ಲಿ ಕೇಳುವುದಿಷ್ಟು. ಹಳ್ಳಿಗೆ ಹೋಗಿ. ಹಣವನ್ನು ಚಾಲಕನ ಕೈಗಲ್ಲ, ಹಳ್ಳಿಯವರ ಕೈಗೇ ಕೊಡಿ, ಮಣಿಸರ ಕೊಳ್ಳುವಾಗ ಹೆಚ್ಚು ಚೌಕಾಸಿ ಬೇಡ. ಶಾಲೆಗೆ ಕೊಡುವ ಮನಸ್ಸಿದ್ದರೆ ಅಲ್ಲಿನ ಆಡಳಿತ ಮಂಡಳಿಯನ್ನು ವಿಚಾರಿಸಿ ಅದರ ಖಾತೆಗೆ ಕಳಿಸಿ. ಶಾಲೆಯ ಭೇಟಿಯನ್ನು ಮಾತ್ರ ಪಟ್ಟಿಯಿಂದ ತೆಗೆಯುವಂತೆ ಟೂರ್ ಏಜೆಂಟರಿಗೆ ಹೊರಡುವ ಮುಂಚೆಯೇ ಹೇಳಿ.