ಬಣ್ಣವೇರಿದ ತಾಮ್ರ

ಅಮೆರಿಕದ ಲಿಂಕನ್ ಸೆಂಟ್ ನಾಣ್ಯ ಅಚ್ಚಿನಿಂದ ಹೊರಬಿದ್ದಾಗ ಕಿತ್ತಳೆಗೆಂಪು. 1950ರ ದಶಕದಲ್ಲಿ ಅಲ್ಲಿನ ಟಂಕಸಾಲೆ ಸಂಗ್ರಾಹಕರಿಗೆ ನಾಣ್ಯಗಳನ್ನು ಗಂಧಕದ ಅಂಶವಿದ್ದ ರಟ್ಟಿನಲ್ಲಿ ಕೂರಿಸಿ ಮಾರುತ್ತಿತ್ತು. ಆ ರಟ್ಟಿನೊಳಗೇ ಸೆಂಟಿನ ತಾಮ್ರಕ್ಕೆ ಮೆಲ್ಲನೆ ನೇರಳೆ, ನೀಲಿ, ಹೊಂಬಣ್ಣದ ಪೊರೆ ಕಟ್ಟಿತು. ದೀಪದಡಿ ಓರೆಯಾಗಿಸಿದರೆ ಅಚ್ಚಿನ ಹೊಳಪು ಬಣ್ಣದ ಅಡಿಯಿಂದ ಸುತ್ತುತ್ತ ಬರುತ್ತದೆ. ಒಂದು ಬಣ್ಣ ಇನ್ನೊಂದಕ್ಕೆ ಅಂಚಿಲ್ಲದೆ ಜಾರುತ್ತದೆ. ಉಜ್ಜಿದ ನಾಣ್ಯದಲ್ಲಿ ಈ ಹೊಳಪು ಸತ್ತಿರುತ್ತದೆ. ನಾಣ್ಯಗಳ ಶ್ರೇಣಿ ನಿರ್ಧರಿಸುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ತಾಮ್ರವನ್ನು ಕೆಂಪು, ಕೆಂಗಂದು, ಕಂದು ಎಂದು ವಿಂಗಡಿಸಿ 70ರವರೆಗಿನ ಅಂಕ ಕೊಡುತ್ತವೆ. ಇಂಥ ನೇರಳೆಯೂ ಬಹುಪಾಲು ಕಂದಿನ ಲೆಕ್ಕಕ್ಕೇ ಸೇರುವುದು ತುಸು ಅನ್ಯಾಯ! ಸಾಮಾನ್ಯ ವರ್ಷದ ಸೆಂಟಿಗೆ ಈ ಸಂಸ್ಥೆಗಳ ಶುಲ್ಕವೇ ನಾಣ್ಯದ ಬೆಲೆಯನ್ನು ಮೀರುವುದುಂಟು. ಮೈ ಕೆಡದೆ, ಬಣ್ಣ ಅಸಾಧಾರಣವಾಗಿದ್ದರೆ ಮಾತ್ರ ಶ್ರೇಣಿಗೆ ಕಳುಹಿಸುವುದು ಲೇಸು.