ಹ್ಞೂಂಗುಡಲು ಬಿಡುವು ಕೊಡದ ಕತೆಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ನೋಡಿದರೂ ಈಗ ಕತೆಗಾರರಿಗೆ ಬರವಿಲ್ಲ. ಹನಿಗತೆ, ನ್ಯಾನೋ ಕತೆ ಎಂಬ ಹೆಸರಿನಲ್ಲಿ ಬೆಳಗಿನ ಕಾಫಿಗೆ ಮೊದಲೇ ನಾಲ್ಕಾರು ಮೊಬೈಲಿಗೆ ಬಂದು ಬಿದ್ದಿರುತ್ತವೆ. ‘ಇದೂ ಒಂದು ಕತೆಯೇ?’ ಎಂದು ಹಳೆಯ ಓದುಗರು ಗೊಣಗುತ್ತಾರೆ. ಗೊಣಗಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಭೈರಪ್ಪನವರ ‘ಪರ್ವ’ದಂಥ ದಪ್ಪ ಕಾದಂಬರಿ ಓದಿ ಬೆಳೆದವರು ಅವರು. ಇತ್ತ 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ ಇಂಟರ್‌ನ್ಯಾಷನಲ್ ಬೂಕರ್ ಪಡೆಯಿತು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕತೆಯ ಮಾನ ಉಳಿಯಿತು ಅನ್ನೋಣ. ಮೂರು ಸಾಲಿನ ಕತೆಯ ಗತಿಯೇನು?

ಕಿರಿದರಲ್ಲಿ ಹೇಳುವ ಅಭ್ಯಾಸವನ್ನು ಮೊಬೈಲು ಕಲಿಸಿದ್ದಲ್ಲ. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆನ್ನುವ ಶಾಸನದಲ್ಲಿರುವುದು 16 ಸಾಲು. ಕಾದಿದ ವಿಜ ಅರಸ, ಅದಕ್ಕೆ ಪಡೆದ ಊರು, ದತ್ತಿ ಕೆಡಿಸುವವನಿಗೆ ಪಾಪ. ಆದರೂ ಅದು ದಾನದ ದಾಖಲೆ, ಕತೆಯೆನ್ನಲು ಮನಸ್ಸೊಪ್ಪದು. ವೀರಗಲ್ಲನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತವನನ್ನು ಒಯ್ಯುತ್ತಿರುವುದು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅವನೇ. ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳುವ ಈ ಕಲ್ಲಿನಲ್ಲಿ ಒಂದು ಪಟ್ಟಿಕೆಗೂ ಇನ್ನೊಂದಕ್ಕೂ ನಡುವೆ ನಡೆದದ್ದನ್ನು ನಿಂತು ನೋಡುವವನೇ ತುಂಬಿಕೊಳ್ಳಬೇಕು.

ಪಕ್ಕದ ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ. ಕಾಳಿ ಎಂಬ ಬೇಟೆನಾಯಿಯನ್ನು ಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು. ಒಡೆಯ ಮಣಲೆರ ಕಲ್ಲು ನೆಡಿಸಿದ, ಜಮೀನು ಬಿಟ್ಟ, ಕಲ್ಲಿಗೆ ಪೂಜೆ ಮಾಡದೆ ಗೊರವ (ಶಿವನ ಪೂಜಾರಿ) ಉಂಡರೆ ಪಾಪ ತಟ್ಟುವುದೆಂದೂ ಬರೆಸಿದ. ಅತ್ತನೆಂದು ಎಲ್ಲೂ ಹೇಳಿಲ್ಲ. ಪೂಜೆ ತಪ್ಪಬಾರದೆಂಬ ಆ ಹಟದಲ್ಲೇ ನಾಯಿಯನ್ನು ಎಷ್ಟು ಹಚ್ಚಿಕೊಂಡಿದ್ದನೆಂಬುದು ಗೊತ್ತಾಗುತ್ತದೆ. ಇದು ಕತೆ.

ಈಗಿನ ಹನಿಗತೆ ಸೋಲುವುದು ಎಲ್ಲಿ? ಮಾದರಿಗೆ ನಾನೇ ಒಂದು ಕಟ್ಟುತ್ತೇನೆ: ತಾಯಿ ವೃದ್ಧಾಶ್ರಮದಲ್ಲಿದ್ದಳು, ಮಗ ಅಮ್ಮಂದಿರ ದಿನಕ್ಕೆ ಸ್ಟೇಟಸ್ ಹಾಕಿದ. ಓದಿದೊಡನೆ ಛೇ ಅನ್ನುತ್ತೇವೆ, ನಾಲ್ಕು ಜನಕ್ಕೆ ಕಳಿಸುತ್ತೇವೆ. ಆ ತಾಯಿ ಯಾರು, ಮಗನ ಕಷ್ಟವೇನು, ಒಂದೂ ಗೊತ್ತಿಲ್ಲ. ಓದುವ ಮೊದಲೇ ನಮ್ಮಲ್ಲಿದ್ದ ತೀರ್ಪನ್ನು ಬರೆದವರು ನಮಗೇ ವಾಪಸು ಕೊಟ್ಟರು, ಅಷ್ಟೆ. ಇನ್ನು ಕೊನೆಯ ಸಾಲಿನಲ್ಲಿ ಬೆಚ್ಚಿಬೀಳಿಸುವ ಜಾತಿಯದು ನಗೆಹನಿಯ ಖಾಸಾ ತಮ್ಮ; ಎರಡನೇ ಓದಿಗೆ ಉಳಿಯುವುದಿಲ್ಲ.

ಇನ್ನೊಂದು ಕಟ್ಟೋಣ: ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷ ಅಪ್ಪ ಎತ್ತು ಮಾರಿ ಬಂದ. ಸಂಜೆ ಗೊಂತಿಗೆ ಹುಲ್ಲು ಹಾಕಿದ, ಸ್ವಲ್ಪ ಹೊತ್ತು ನಿಂತ, ಹುಲ್ಲನ್ನು ಮತ್ತೆ ಎತ್ತಿಕೊಂಡ. ದೊಡ್ಡ ಕತೆಯೆಂದು ನಾನು ಹೇಳಿಕೊಳ್ಳುತ್ತಿಲ್ಲ. ಇಲ್ಲಿ ಹಾಸನದ ಕಡೆಯ ಒಂದು ಬೆಳೆಯಿದೆ, ಒಂದು ಕೊಟ್ಟಿಗೆಯಿದೆ, ಬೆಳಿಗ್ಗೆಗೂ ಸಂಜೆಗೂ ನಡುವೆ ಒಬ್ಬನ ಬದುಕು ಕದಲಿದೆ. ಮೊದಲನೆಯದಕ್ಕಿಂತ ಉದ್ದ ಹೆಚ್ಚಾದರೂ ಅದು ಕತೆಯಾದದ್ದು ಉದ್ದದಿಂದಲ್ಲ.

ಹಳಬರ ಗೊಣಗಾಟದಲ್ಲಿ ಒಂದು ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲಿ ಕತೆ ಕೇಳುವವರು ನಡುನಡುವೆ ‘ಹ್ಞೂಂ’ ಅನ್ನಬೇಕು. ಅಜ್ಜಿ ಅದಕ್ಕಾಗಿಯೇ ನಿಲ್ಲಿಸುತ್ತಿದ್ದಳು. ಹನಿಗತೆಯಲ್ಲಿ ಅದಕ್ಕೆ ಬಿಡುವಿಲ್ಲ. ಹಾಗಾಗಿ ಹ್ಞೂಂಗುಟ್ಟುವುದೆಲ್ಲ ಕತೆ ಮುಗಿದ ಮೇಲೆ ನಡೆಯಬೇಕು. ಗ್ವಾಟೆಮಾಲಾದ ಆಗಸ್ಟೊ ಮಾಂಟೆರೊಸ್ಸೊ 1959ರಲ್ಲಿ ಪ್ರಕಟಿಸಿದ ಡೈನೊಸಾರ್ ಕತೆ ಒಂದೇ ವಾಕ್ಯದ್ದು. ಜನ ಇನ್ನೂ ಅದರ ಅರ್ಥಕ್ಕೆ ಜಗಳವಾಡುತ್ತಾರೆ. ಎಸ್. ದಿವಾಕರ್ ಅವರ ‘ಜಗತ್ತಿನ ಅತಿ ಸಣ್ಣ ಕತೆಗಳು’ ಕನ್ನಡದಲ್ಲೇ ಇದೆ. ಬರೆಯುವ ಮುನ್ನ ಅದನ್ನೊಮ್ಮೆ ತಿರುವಿದರೆ ನಷ್ಟವಿಲ್ಲ.

ನ್ಯಾನೋ ಕತೆಯ ಸ್ಪರ್ಧೆ ನಡೆಸುವವರಲ್ಲಿ ಒಂದು ಕೋರಿಕೆ. ಪದಮಿತಿಯ ಜೊತೆಗೆ ಇನ್ನೊಂದು ಷರತ್ತು ಸೇರಿಸಿ: ಪಾತ್ರಕ್ಕೊಂದು ಊರು, ಕೈಗೊಂದು ಕೆಲಸ ಇರಲೇಬೇಕು. ಬರುವ ಕತೆಗಳು ಅರ್ಧಕ್ಕೆ ಇಳಿದಾವು, ತೀರ್ಪುಗಾರರಿಗೂ ಅನುಕೂಲವೇ.