ಆ ಜಾಗ ಮೊದಲು ಯಾರದು?

ರೆಫರಿ ಎರಡೂ ಕೈಗಳನ್ನು ಸೊಂಟಕ್ಕಿಟ್ಟರೆ ಬ್ಲಾಕಿಂಗ್: ತಪ್ಪು ಡಿಫೆಂಡರನದು. ಬಿಗಿ ಮುಷ್ಟಿಯನ್ನು ಅಂಗೈಗೆ ಗುದ್ದಿದರೆ ಚಾರ್ಜಿಂಗ್: ತಪ್ಪು ಚೆಂಡಿನೊಂದಿಗೆ ನುಗ್ಗಿದವನದು. ಢಿಕ್ಕಿ ಒಂದೇ, ತೀರ್ಪು ಮಾತ್ರ ತದ್ವಿರುದ್ಧ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಿಂತ ಕಷ್ಟದ, ಇದಕ್ಕಿಂತ ಸೂಕ್ಷ್ಮವಾದ ತೀರ್ಪು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಯಾರು ಬಿದ್ದರು, ಎಷ್ಟು ಜೋರಾಗಿ ಬಿದ್ದರು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಆ ಜಾಗ ಮೊದಲು ಯಾರದಾಯಿತು ಎಂಬುದೊಂದೇ ಪ್ರಶ್ನೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದ ಪ್ರಕಾರ, ಎದುರಾಳಿಗೆ ಮುಖಮಾಡಿ ಎರಡೂ ಪಾದಗಳನ್ನು ನೆಲಕ್ಕೂರಿದೊಡನೆ ಡಿಫೆಂಡರನಿಗೆ ಆ ಜಾಗದ ಹಕ್ಕು ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಇಲ್ಲಿ ಕೈಕಾಲು ಚಾಚಿ ಜಾಗ ಹಿಡಿಯುವಂತಿಲ್ಲ, ಮೈಯೇ ಅಲ್ಲಿರಬೇಕು.

‘ಡಿಫೆಂಡರ್ ಅಲುಗಾಡಿದ, ಹಾಗಾಗಿ ಅವನದೇ ಫೌಲ್’ ಎಂಬ ಕೂಗು ಪ್ರತಿ ಪಂದ್ಯದಲ್ಲೂ ಕೇಳುತ್ತದೆ. ಅದು ತಪ್ಪು ತಿಳಿವಳಿಕೆ. ಒಮ್ಮೆ ಸ್ಥಾನ ಪಡೆದವನು ಪಕ್ಕಕ್ಕೆ, ಹಿಂದಕ್ಕೆ ಸರಿಯಬಹುದು, ನೇರ ಮೇಲಕ್ಕೆ ಜಿಗಿಯಬಹುದು, ಪೆಟ್ಟು ತಾಳಲು ಮೈ ತಿರುಗಿಸಬಹುದು. ಎದುರಾಳಿಯ ಮೇಲೆ ಮುನ್ನುಗ್ಗುವಂತಿಲ್ಲ, ಅಷ್ಟೇ. ಚೆಂಡಿಲ್ಲದ ಆಟಗಾರನಿಗೆ ಅಡ್ಡ ಬರುವವನು ಒಂದೆರಡು ಹೆಜ್ಜೆ ಅಂತರ ಬಿಡಬೇಕು. ಡ್ರಿಬಲ್ ಮಾಡುವವನಿಗೆ ಆ ರಿಯಾಯಿತಿಯಿಲ್ಲ. ಯಾವ ಕ್ಷಣದಲ್ಲಾದರೂ ಎದುರು ಒಬ್ಬ ಬಂದಾನೆಂದು ಅವನು ಸಿದ್ಧನಿರಬೇಕು. ಆದರೆ ಅವನ ಪಾದ ನೆಲ ಬಿಟ್ಟ ಮೇಲೆ ಅಡ್ಡ ನುಸುಳುವುದು ಅಪರಾಧ, ಅಪಾಯ ಕೂಡ. ಬುಟ್ಟಿಯ ಕೆಳಗೆ ಸುಮ್ಮನೆ ನಿಂತು ಚಾರ್ಜಿಂಗ್ ಗಿಟ್ಟಿಸುವುದನ್ನು ತಡೆಯಲೆಂದೇ ಅಲ್ಲಿ 1.25 ಮೀಟರ್ ತ್ರಿಜ್ಯದ ಅರ್ಧವೃತ್ತವಿದೆ.

2018ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯವನ್ನೇ ನೋಡಿ. ಕೊನೆಗೆ 36 ಸೆಕೆಂಡು ಉಳಿದಿದ್ದಾಗ ಕ್ಲೀವ್‌ಲ್ಯಾಂಡ್ ಎರಡು ಅಂಕ ಮುಂದಿತ್ತು. ನುಗ್ಗಿಬಂದ ಗೋಲ್ಡನ್ ಸ್ಟೇಟ್‌ನ ಕೆವಿನ್ ಡ್ಯುರಾಂಟ್‌ಗೆ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಅಡ್ಡ ನಿಂತರು. ರೆಫರಿ ಚಾರ್ಜಿಂಗ್ ಎಂದರು. ಜೇಮ್ಸ್ ಅರ್ಧವೃತ್ತದೊಳಗಿದ್ದರೇ ಎಂದು ಪರಿಶೀಲಿಸಲು ಮರುಪ್ರಸಾರ ನೋಡಿದರು. ಜೇಮ್ಸ್ ಅದರ ಹೊರಗೇ ಇದ್ದರು. ಆದರೂ ಡ್ಯುರಾಂಟ್ ಶಾಟ್‌ಗೆ ಮೇಲೇಳುವ ಮೊದಲು ಜೇಮ್ಸ್ ಸ್ಥಾನ ಪಡೆದಿರಲಿಲ್ಲವೆಂದು ತೀರ್ಪು ಬ್ಲಾಕಿಂಗ್ ಆಗಿ ಬದಲಾಯಿತು. ಡ್ಯುರಾಂಟ್ ಎರಡೂ ಫ್ರೀ ಥ್ರೋ ಹಾಕಿ ಸಮ ಮಾಡಿದರು. ಹೆಚ್ಚುವರಿ ಅವಧಿಗೆ ಹೋದ ಪಂದ್ಯವನ್ನು ಗೋಲ್ಡನ್ ಸ್ಟೇಟ್ 124–114ರಿಂದ ಗೆದ್ದಿತು.

ಮರುಪ್ರಸಾರದಲ್ಲಿ ನಿಧಾನವಾಗಿ ಕಂಡದ್ದನ್ನು ಓಡುತ್ತಲೇ, ಒಂದೇ ನೋಟಕ್ಕೆ ಹಿಡಿಯಬೇಕಾದ ರೆಫರಿಯ ಕಷ್ಟವನ್ನು ಯೋಚಿಸಿ. ಅದಕ್ಕೇ ಅವರ ತರಬೇತಿಯಲ್ಲಿ ಹೇಳಿಕೊಡುವ ಒಂದು ಪಾಠ: ಚೆಂಡನ್ನಲ್ಲ, ಡಿಫೆಂಡರನನ್ನು ನೋಡು. ಚೆಂಡಿನ ಹಿಂದೆ ಬಿದ್ದ ಕಣ್ಣಿಗೆ ಢಿಕ್ಕಿ ಮಾತ್ರ ಕಾಣುತ್ತದೆ. ನ್ಯಾಯ ಇರುವುದು ಅದಕ್ಕಿಂತ ಅರ್ಧ ಸೆಕೆಂಡು ಮೊದಲು. ಮುಂದಿನ ಪಂದ್ಯದಲ್ಲಿ ನೀವೂ ಡಿಫೆಂಡರನ ಪಾದ ಮತ್ತು ಎದೆಯ ಮೇಲೆ ಕಣ್ಣಿಡಿ. ಆಮೇಲೂ ರೆಫರಿಯ ಮೇಲೆ ಸಿಟ್ಟು ಬಂದರೆ ಅದು ತಿಳಿದವರ ಸಿಟ್ಟಾಗಿರುತ್ತದೆ; ಅದಕ್ಕೊಂದು ಬೆಲೆಯಿರುತ್ತದೆ.